ಅಂಗೈ ಆಟಯಂತ್ರಗಳ ಪೈಪೋಟಿ

ಒಂದು ಅಂಗಡಿಯ ಗಾಜಿನ ಬೀರುವಿನಲ್ಲಿ ಎರಡು ಆಟದ ಯಂತ್ರಗಳನ್ನು ಅಕ್ಕಪಕ್ಕದಲ್ಲಿ ಇರಿಸಿರುವರೆಂದು ಊಹಿಸಿಕೊಳ್ಳೋಣ. ಎರಡನ್ನೂ ಅಂಗೈಯಲ್ಲಿ ಹಿಡಿದು ಆಡಬಹುದು. ಒಂದರ ಪರದೆಯಲ್ಲಿ ಬಣ್ಣಬಣ್ಣದ ಚಿತ್ರಗಳು ಮೂಡುತ್ತವೆ. ಪರದೆಯ ಹಿಂದೆ ದೀಪವಿರುವುದರಿಂದ ಕತ್ತಲೆಯಲ್ಲಿಯೂ ಅವು ಹೊಳೆಯುತ್ತವೆ. ಇನ್ನೊಂದರ ಪರದೆಯದು ಪಾಚಿಯ ಬಣ್ಣ. ಅದರಲ್ಲಿ ಕಾಣುವುದೆಲ್ಲವೂ ನಾಲ್ಕೇ ನಾಲ್ಕು ಛಾಯೆಗಳಲ್ಲಿ. ಅದಕ್ಕೆ ದೀಪವಿಲ್ಲ, ಬೆಳಕಿರುವ ಕಡೆಗೆ ತಿರುಗಿಸಿ ಹಿಡಿಯದಿದ್ದರೆ ಏನೂ ಕಾಣದು. ಈ ಎರಡರಲ್ಲಿ ಜನರು ಯಾವುದನ್ನು ಹೆಚ್ಚಾಗಿ ಕೊಂಡಾರು?

ಮೊದಲನೆಯದನ್ನು ಎಂದೇ ಯಾರಾದರೂ ಹೇಳಿಯಾರು. ಆದರೆ ನಡೆದದ್ದು ಬೇರೆ. ಬಣ್ಣದ ಪರದೆಯುಳ್ಳ ‘ಗೇಮ್ ಗೇರ್’ ಎಂಬ ಯಂತ್ರ ಒಟ್ಟು ೧ ಕೋಟಿ ೬ ಲಕ್ಷದಷ್ಟು ಮಾರಾಟವಾಯಿತು. ಪಾಚಿಬಣ್ಣದ ‘ಗೇಮ್ ಬಾಯ್’ ಮತ್ತು ಅದರ ನೇರ ಉತ್ತರಾಧಿಕಾರಿ ಸೇರಿ ೧೧ ಕೋಟಿ ೮೭ ಲಕ್ಷದಷ್ಟು ಮಾರಾಟವಾದವು. ಕಣ್ಣಿಗೆ ಬಡವಾಗಿ ಕಂಡ ಯಂತ್ರ ಗೆದ್ದಿತು. ಶ್ರೀಮಂತವಾಗಿ ಕಂಡದ್ದು ಸೋತಿತು. ಹೀಗೇಕಾಯಿತು?

ವ್ಯಾಪಾರ ಶಾಸ್ತ್ರಜ್ಞರು ಇದಕ್ಕೆ ಹಲವು ಕಾರಣಗಳನ್ನು ಕೊಡಬಹುದು. ಅವುಗಳಲ್ಲಿ ಸತ್ಯಾಂಶವೂ ಇಲ್ಲದಿಲ್ಲ. ಆದರೆ ಭೌತವಿಜ್ಞಾನದ ವಿದ್ಯಾರ್ಥಿಯ ಕಣ್ಣಿಗೆ ಈ ಪೈಪೋಟಿಯ ಒಡಲಿನಲ್ಲಿ ಬೇರೊಂದು ಲೆಕ್ಕ ಕಾಣುತ್ತದೆ. ಅದು ಶಕ್ತಿಯ ಜಮಾಖರ್ಚಿನ ಲೆಕ್ಕ. ಗೋಡೆಯ ವಿದ್ಯುತ್ತಿನಿಂದ ನಡೆಯುವ ಯಂತ್ರ ಎಷ್ಟು ಬೇಕಾದರೂ ದುಂದುಮಾಡಬಹುದು. ಕೈಯಲ್ಲಿ ಹಿಡಿದು ತಿರುಗುವ ಯಂತ್ರಕ್ಕೆ ಆ ಭಾಗ್ಯವಿಲ್ಲ. ಅದು ತನ್ನ ಬುತ್ತಿಯನ್ನು ತಾನೇ ಹೊತ್ತು ನಡೆಯಬೇಕು. ಆ ಬುತ್ತಿಯೇ ವಿದ್ಯುತ್ಕೋಶ. ಕಳೆದ ಐವತ್ತು ವರ್ಷಗಳ ಅಂಗೈ ಆಟಯಂತ್ರಗಳ ಇತಿಹಾಸವು, ಬಹುಮಟ್ಟಿಗೆ, ಈ ಬುತ್ತಿಯನ್ನು ಯಾರು ಎಷ್ಟು ಜಾಣತನದಿಂದ ಉಂಡರು ಎಂಬುದರ ಇತಿಹಾಸ.

ಕೆಂಪು ದೀಪಗಳ ಕಾಲ

ಅಮೆರಿಕದ ಮ್ಯಾಟೆಲ್ ಕಂಪನಿಯು ೧೯೭೬ರಲ್ಲಿ ‘ಆಟೊ ರೇಸ್’ ಎಂಬ ಆಟಿಕೆಯನ್ನು ಹೊರತಂದಿತು. ಇದರಲ್ಲಿ ಚಲಿಸುವ ಯಾಂತ್ರಿಕ ಭಾಗಗಳಿಂದ ಆಟ ನಡೆಯುತ್ತಿರಲಿಲ್ಲ. ಎಲ್ಲವೂ ವಿದ್ಯುನ್ಮಂಡಲಗಳ ಕೆಲಸ. ಮೋಟಾರು ಕಾರುಗಳೆಂದು ನಾವು ಭಾವಿಸಿಕೊಳ್ಳಬೇಕಾದವು ಕೆಲವು ಕೆಂಪು ಗೆರೆಗಳು ಮಾತ್ರ. ಆ ಒಂದೊಂದು ಗೆರೆಯೂ ಒಂದೊಂದು ಬೆಳಕು ಸೂಸುವ ಡಯೋಡ್, ಎಂದರೆ ಎಲ್.ಇ.ಡಿ. ಮುಂದಿನ ವರ್ಷ ಬಂದ ಫುಟ್‌ಬಾಲ್ ಆಟದಲ್ಲಿಯೂ ಆಟಗಾರರು ಇಂಥ ಕೆಂಪು ಗೆರೆಗಳೇ.

ಎಲ್.ಇ.ಡಿ.ಗೆ ತನ್ನದೇ ಬೆಳಕಿದೆ. ಆದರೆ ಬೆಳಕನ್ನು ಹುಟ್ಟಿಸುವುದು ಖರ್ಚಿನ ಕೆಲಸ. ಆ ಕಾಲದ ಒಂದು ಕೆಂಪು ಡಯೋಡ್ ಚೆನ್ನಾಗಿ ಹೊಳೆಯಬೇಕಾದರೆ ಒಂದು ವಾಟಿನ ಸುಮಾರು ಐವತ್ತನೆಯ ಒಂದು ಭಾಗ ಸಾಮರ್ಥ್ಯ ಬೇಕಾಗುತ್ತಿತ್ತು. ಹತ್ತು ಗೆರೆಗಳಾದರೆ ಚಿಂತೆಯಿಲ್ಲ. ಸಾವಿರಾರು ಚುಕ್ಕೆಗಳಿಂದ ಚಿತ್ರ ಬರೆಯಬೇಕೆಂದರೆ ಹತ್ತಾರು ವಾಟುಗಳು ಬೇಕು; ಅಷ್ಟನ್ನು ಜೇಬಿನಲ್ಲಿ ಹೊರುವುದು ಸಾಧ್ಯವಿರಲಿಲ್ಲ.

೧೯೭೯ರಲ್ಲಿ ಅಮೆರಿಕದ ಮಿಲ್ಟನ್ ಬ್ರ್ಯಾಡ್ಲಿ ಕಂಪನಿಯ ‘ಮೈಕ್ರೊವಿಷನ್’ ಬಂದಿತು. ಇದನ್ನು ರೂಪಿಸಿದವರು ಜೇ ಸ್ಮಿತ್. ಒಂದು ಆಟ ಬೇಸರವಾದರೆ ಅದರ ಪುಟ್ಟ ಪೆಟ್ಟಿಗೆಯನ್ನು ತೆಗೆದು ಇನ್ನೊಂದನ್ನು ಸಿಕ್ಕಿಸಬಹುದಾದ ಮೊದಲ ಅಂಗೈ ಯಂತ್ರ ಇದು. ಈ ಪೆಟ್ಟಿಗೆಗೆ ಕಾರ್ಟ್ರಿಜ್ ಎಂದು ಹೆಸರು. ಇದರ ಪರದೆಯಲ್ಲಿ ಅಡ್ಡಕ್ಕೆ ಹದಿನಾರು, ಉದ್ದಕ್ಕೆ ಹದಿನಾರು, ಒಟ್ಟು ೨೫೬ ಚುಕ್ಕೆಗಳಿದ್ದವು. ಆ ಪರದೆ ಎಲ್.ಇ.ಡಿ.ಯದಲ್ಲ, ದ್ರವಸ್ಫಟಿಕದ್ದು. ಆದರೆ ಆ ದ್ರವಸ್ಫಟಿಕವಿನ್ನೂ ಪಳಗಿರಲಿಲ್ಲ. ಕಾಲಕ್ರಮದಲ್ಲಿ ಪರದೆ ಕೆಟ್ಟು ಕಪ್ಪಾಗುತ್ತಿತ್ತು. ಯಂತ್ರ ಬೇಗನೆ ಮರೆಯಾಯಿತು. ಅದು ತೋರಿಸಿಕೊಟ್ಟ ದಾರಿ ಉಳಿಯಿತು.

ದ್ರವವೂ ಹೌದು, ಸ್ಫಟಿಕವೂ ಹೌದು

ಈ ದ್ರವಸ್ಫಟಿಕವೆಂದರೇನು? ೧೮೮೮ರಲ್ಲಿ ಆಸ್ಟ್ರಿಯದ ಸಸ್ಯಶಾಸ್ತ್ರಜ್ಞ ಫ್ರೀಡ್ರಿಕ್ ರೈನಿಟ್ಜರ್ ಅವರು ಒಂದು ವಿಚಿತ್ರವನ್ನು ಕಂಡರು. ಕೊಲೆಸ್ಟರಿಲ್ ಬೆಂಜೋಯೇಟ್ ಎಂಬ ವಸ್ತುವನ್ನು ಕಾಯಿಸಿದಾಗ ಅದು ಮೊದಲು ಕರಗಿ ಮಬ್ಬಾದ ದ್ರವವಾಯಿತು. ಇನ್ನೂ ಕಾಯಿಸಿದಾಗ ಆ ಮಬ್ಬು ಹೋಗಿ ತಿಳಿಯಾಯಿತು. ಒಂದೇ ವಸ್ತುವಿಗೆ ಎರಡು ಕರಗುವ ಬಿಂದುಗಳೆ? ಜರ್ಮನಿಯ ಒಟ್ಟೊ ಲೇಮನ್ ಅವರು ಆ ಮಬ್ಬು ದ್ರವವನ್ನು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿ, ಅದು ದ್ರವದಂತೆ ಹರಿದರೂ ಬೆಳಕಿನ ವಿಷಯದಲ್ಲಿ ಸ್ಫಟಿಕದಂತೆ ವರ್ತಿಸುವುದೆಂದು ತೋರಿಸಿದರು. ಅದರ ಅಣುಗಳು ಕಡ್ಡಿಗಳಂತೆ ನೀಳವಾಗಿವೆ. ಅವು ತಾವಿದ್ದ ಸ್ಥಳದಲ್ಲಿ ನಿಲ್ಲದಿದ್ದರೂ ಒಂದೇ ದಿಕ್ಕಿಗೆ ಮುಖಮಾಡಿರುತ್ತವೆ. ಹೊಳೆಯಲ್ಲಿ ತೇಲಿಬರುವ ಮರದ ದಿಮ್ಮಿಗಳಂತೆ.

ಈ ಕುತೂಹಲದ ವಸ್ತುವಿಗೆ ಕೆಲಸ ದೊರೆತದ್ದು ಎಂಬತ್ತು ವರ್ಷಗಳ ಮೇಲೆ. ೧೯೭೦ರಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ಮಾರ್ಟಿನ್ ಶಾಟ್ ಮತ್ತು ವೂಲ್ಫ್‌ಗಾಂಗ್ ಹೆಲ್ಫ್ರಿಕ್ ಅವರು ಒಂದು ಉಪಾಯವನ್ನು ಕಂಡುಹಿಡಿದರು. ಎರಡು ಗಾಜಿನ ಹಲಗೆಗಳ ನಡುವೆ ದ್ರವಸ್ಫಟಿಕದ ತೆಳುಪದರವಿದೆ. ಮೇಲಿನ ಗಾಜಿನ ಬಳಿಯ ಅಣುಗಳು ಒಂದು ದಿಕ್ಕಿಗೂ ಕೆಳಗಿನ ಗಾಜಿನ ಬಳಿಯವು ಅದಕ್ಕೆ ಲಂಬವಾದ ದಿಕ್ಕಿಗೂ ಇರುವಂತೆ ಮಾಡಿದರೆ, ನಡುವಿನ ಅಣುಗಳು ಸುರುಳಿ ಮೆಟ್ಟಿಲಿನಂತೆ ಕ್ರಮವಾಗಿ ತಿರುಗುತ್ತ ಹೋಗುತ್ತವೆ. ಹೊರಗೆ ಎರಡು ಕಡೆಯೂ ಧ್ರುವೀಕಾರಕಗಳಿವೆ. ಎಂದರೆ ಒಂದೇ ದಿಕ್ಕಿನ ಕಂಪನವುಳ್ಳ ಬೆಳಕನ್ನು ಮಾತ್ರ ಒಳಗೆ ಬಿಡುವ ಹಾಳೆಗಳು. ಇವೆರಡೂ ಒಂದಕ್ಕೊಂದು ಅಡ್ಡವಾಗಿರುವುದರಿಂದ ನ್ಯಾಯವಾಗಿ ಬೆಳಕು ಹಾಯಕೂಡದು. ಆದರೆ ನಡುವಿನ ಸುರುಳಿ ಬೆಳಕಿನ ಕಂಪನದ ದಿಕ್ಕನ್ನು ತೊಂಬತ್ತು ಅಂಶ ತಿರುಗಿಸಿಬಿಡುತ್ತದೆ, ಬೆಳಕು ಹಾದುಹೋಗುತ್ತದೆ. ಈಗ ಗಾಜುಗಳ ನಡುವೆ ಕೆಲವೇ ವೋಲ್ಟುಗಳ ವಿದ್ಯುದ್ವಿಭವವನ್ನು ಕೊಟ್ಟರೆ ಅಣುಗಳು ವಿದ್ಯುತ್ಕ್ಷೇತ್ರದ ಗುಂಟ ನೆಟ್ಟಗೆ ನಿಲ್ಲುತ್ತವೆ, ಸುರುಳಿ ಬಿಚ್ಚಿಹೋಗುತ್ತದೆ, ಬೆಳಕು ನಿಲ್ಲುತ್ತದೆ, ಆ ಜಾಗ ಕಪ್ಪಾಗಿ ಕಾಣುತ್ತದೆ.

ಇಲ್ಲಿ ಗಮನಿಸಬೇಕಾದ ಅಂಶವೊಂದಿದೆ. ದ್ರವಸ್ಫಟಿಕ ಬೆಳಕನ್ನು ಹುಟ್ಟಿಸುವುದಿಲ್ಲ; ಬೇರೆ ಕಡೆಯಿಂದ ಬಂದ ಬೆಳಕಿಗೆ ಬಾಗಿಲನ್ನು ತೆರೆಯುವ ಅಥವಾ ಮುಚ್ಚುವ ಕೆಲಸವನ್ನಷ್ಟೇ ಮಾಡುತ್ತದೆ. ಅದು ಬಹುಮಟ್ಟಿಗೆ ವಿದ್ಯುನ್ನಿರೋಧಕವಾದುದರಿಂದ ಪ್ರವಾಹವೂ ಅತ್ಯಲ್ಪ. ಒಂದು ಚದರ ಸೆಂಟಿಮೀಟರ್ ಪರದೆಗೆ ಒಂದು ವಾಟಿನ ಹತ್ತು ಲಕ್ಷದಲ್ಲಿ ಕೆಲವೇ ಭಾಗಗಳು ಸಾಕು. ಹಿಂದೆ ಒಂದು ಕನ್ನಡಿಯಂಥ ಹಾಳೆಯನ್ನಿಟ್ಟರೆ ಸೂರ್ಯನ ಅಥವಾ ಕೋಣೆಯ ದೀಪದ ಬೆಳಕೇ ಪುಕ್ಕಟೆಯಾಗಿ ದುಡಿಯುತ್ತದೆ. ಜಪಾನಿನ ಶಾರ್ಪ್ ಕಂಪನಿಯು ೧೯೭೩ರಲ್ಲಿಯೇ ದ್ರವಸ್ಫಟಿಕದ ಪರದೆಯುಳ್ಳ ಗಣಕಯಂತ್ರವನ್ನು ಮಾಡಿ, ಒಂದೇ ಒಂದು ಪೆನ್ಸಿಲ್ ಸೆಲ್ಲಿನಿಂದ ಅದು ನೂರು ಗಂಟೆ ನಡೆಯುವಂತೆ ಮಾಡಿತ್ತು.

ಈ ವಿಜ್ಞಾನಕ್ಕೆ ನಮ್ಮ ನಾಡಿನ ಕೊಡುಗೆಯೂ ಸೇರಿದೆ. ಕಡ್ಡಿಯಾಕಾರದ ಅಣುಗಳು ಮಾತ್ರ ದ್ರವಸ್ಫಟಿಕವಾಗಬಲ್ಲವೆಂದು ಆವರೆಗೆ ಭಾವಿಸಲಾಗಿತ್ತು. ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯಲ್ಲಿ ಎಸ್. ಚಂದ್ರಶೇಖರ್, ಬಿ. ಕೆ. ಸದಾಶಿವ, ಕೆ. ಎ. ಸುರೇಶ್ ಅವರು ೧೯೭೭ರಲ್ಲಿ ಬಿಲ್ಲೆಯಾಕಾರದ ಅಣುಗಳಿಗೂ ಆ ಶಕ್ತಿಯುಂಟೆಂದು ತೋರಿಸಿದರು. ಇಂಥ ಬಿಲ್ಲೆಯಣುಗಳಿಂದ ಮಾಡಿದ ತೆಳುಪೊರೆಗಳನ್ನು ಮುಂದೆ ಪರದೆಗಳಿಗೆ ಅಂಟಿಸಿ, ಓರೆಯಾಗಿ ನೋಡಿದರೂ ಚಿತ್ರ ಸರಿಯಾಗಿ ಕಾಣುವಂತೆ ಮಾಡಲಾಯಿತು.

ಮಾಗಿದ ತಂತ್ರ, ಹೊಸ ಬುದ್ಧಿ

ನಿಂಟೆಂಡೊ ಕಂಪನಿಯು ೧೮೮೯ರಲ್ಲಿ ಜಪಾನಿನ ಕ್ಯೋಟೊ ನಗರದಲ್ಲಿ ಇಸ್ಪೀಟಿನಂಥ ಎಲೆಗಳನ್ನು ಮಾಡಿ ಮಾರಲು ಹುಟ್ಟಿಕೊಂಡ ಸಂಸ್ಥೆ. ಗುನ್ಪೆಯಿ ಯೊಕೊಯಿ ಎಂಬ ವಿದ್ಯುತ್ ಇಂಜಿನಿಯರ್ ೧೯೬೫ರಲ್ಲಿ ಅಲ್ಲಿ ಯಂತ್ರಗಳ ಉಸ್ತುವಾರಿಗೆಂದು ಸೇರಿದರು. ಬಿಡುವಿನಲ್ಲಿ ತಮಾಷೆಗೆ ಮಾಡಿದ ಆಟಿಕೆಯೊಂದು ಹೆಸರು ತಂದುದರಿಂದ ಆಟಿಕೆಗಳ ವಿಭಾಗಕ್ಕೇ ಬಂದರು. ಒಮ್ಮೆ ರೈಲಿನಲ್ಲಿ ಪ್ರಯಾಣಿಕನೊಬ್ಬ ಬೇಸರ ಕಳೆಯಲು ಜೇಬಿನ ಗಣಕಯಂತ್ರದ ಗುಂಡಿಗಳನ್ನು ಒತ್ತುತ್ತ ಕುಳಿತಿದ್ದುದನ್ನು ಅವರು ಕಂಡರು. ಗುಂಡಿ ಒತ್ತುವುದರಲ್ಲಿಯೇ ಇವನಿಗೆ ಇಷ್ಟು ಸುಖವಿದ್ದರೆ, ಅದೇ ಗಾತ್ರದ ಆಟವೊಂದು ಇದ್ದರೆ ಹೇಗೆ? ಹೀಗೆ ೧೯೮೦ರಲ್ಲಿ ಹುಟ್ಟಿದ್ದು ‘ಗೇಮ್ ಅಂಡ್ ವಾಚ್’. ಗಣಕಯಂತ್ರದ ಅಂಕಿಗಳು ಮೂಡುವ ಕಡೆಯಲ್ಲಿ ಇಲ್ಲಿ ಚೆಂಡು ಹಿಡಿಯುವ ಪುಟ್ಟ ಬೊಂಬೆಗಳು ಮೂಡುತ್ತಿದ್ದವು. ಗುಂಡಿಯಾಕಾರದ ಪುಟ್ಟ ಕೋಶಗಳಿಂದ ಅದು ನಡೆಯುತ್ತಿತ್ತು. ಒಂದು ಯಂತ್ರದಲ್ಲಿ ಒಂದೇ ಆಟ; ಆದರೂ ಈ ಸಾಲಿನ ಯಂತ್ರಗಳು ಒಟ್ಟು ನಾಲ್ಕು ಕೋಟಿಗೂ ಮೀರಿ ಮಾರಾಟವಾದವು.

ಯೊಕೊಯಿಯವರು ತಮ್ಮ ಕೆಲಸದ ಸೂತ್ರವನ್ನು ಸ್ಪಷ್ಟವಾಗಿ ಹೇಳಿದ್ದಾರೆ: ಒಣಗಿದ ತಂತ್ರಜ್ಞಾನವನ್ನು ಹಿಡಿದು ಅಡ್ಡದಾರಿಯಲ್ಲಿ ಯೋಚಿಸಬೇಕು. ಅವರು ಬಳಸಿದ ಜಪಾನೀ ಮಾತಿನಲ್ಲಿ ಬಾಡಿದ್ದು ಎಂಬ ಅರ್ಥದ ಜೊತೆಗೆ ಮಾಗಿ ಪಳಗಿದ್ದು ಎಂಬ ಧ್ವನಿಯೂ ಇದೆ. ತೀರ ಹೊಸ ತಂತ್ರ ದುಬಾರಿ. ಅದರ ದೋಷಗಳೂ ಇನ್ನೂ ತಿಳಿದಿರುವುದಿಲ್ಲ. ಹಳತಾದದ್ದು ಅಗ್ಗ, ಅದರ ಗುಣದೋಷಗಳೆಲ್ಲ ಗೊತ್ತಿರುತ್ತವೆ. ಅದನ್ನು ಯಾರೂ ಯೋಚಿಸದ ಕಡೆ ಹೂಡುವುದೇ ಜಾಣತನ.

೧೯೮೯ರ ಏಪ್ರಿಲಿನಲ್ಲಿ ಜಪಾನಿನಲ್ಲಿ ಮಾರಾಟಕ್ಕೆ ಬಂದ ಗೇಮ್ ಬಾಯ್ ಈ ಸೂತ್ರದ ಪೂರ್ಣರೂಪ. ಇದರ ರಚನೆಯಲ್ಲಿ ಯೊಕೊಯಿಯವರ ಜೊತೆಗೆ ಸತೋರು ಒಕಾಡ ಅವರ ಪಾತ್ರವೂ ದೊಡ್ಡದು. ಇದರ ಗಣಕಭಾಗ ಸೆಕೆಂಡಿಗೆ ಸುಮಾರು ೪೨ ಲಕ್ಷ ಮಿಡಿತಗಳ ಗತಿಯಲ್ಲಿ ಕೆಲಸಮಾಡುತ್ತಿತ್ತು. ಆ ಕಾಲಕ್ಕೂ ಇದೇನೂ ದೊಡ್ಡ ವೇಗವಲ್ಲ. ಪರದೆಯಲ್ಲಿ ೧೬೦ ನಿಲುವುಸಾಲು, ೧೪೪ ಅಡ್ಡಸಾಲು, ಒಟ್ಟು ೨೩,೦೪೦ ಚುಕ್ಕೆಗಳು. ಒಂದೊಂದು ಚುಕ್ಕೆಗೂ ಪ್ರತ್ಯೇಕ ತಂತಿ ಎಳೆಯುವುದು ಸಾಧ್ಯವಿಲ್ಲ. ಆದುದರಿಂದ ಸಾಲುಗಳಿಗೆ ಮಾತ್ರ ತಂತಿಗಳು, ಒಟ್ಟು ೩೦೪. ಒಂದು ಅಡ್ಡಸಾಲಿಗೆ ವಿಭವ ಕೊಟ್ಟು ಅದರ ಚುಕ್ಕೆಗಳನ್ನು ಬರೆದು, ಮುಂದಿನ ಸಾಲಿಗೆ ಹೋಗಬೇಕು. ಹೀಗಾಗಿ ಪ್ರತಿಯೊಂದು ಸಾಲಿಗೂ ದೊರೆಯುವುದು ಕಾಲದ ೧೪೪ನೆಯ ಒಂದು ಭಾಗ ಮಾತ್ರ. ಚಿತ್ರ ಮಸುಕಾಗಿ ಕಾಣುವುದಕ್ಕೂ, ವೇಗವಾಗಿ ಓಡುವ ಆಕೃತಿಯ ಹಿಂದೆ ನೆರಳಿನಂಥ ಬಾಲ ಉಳಿಯುವುದಕ್ಕೂ ಇದೇ ಕಾರಣ. ಯಂತ್ರವನ್ನು ಮಾಡಿದವರಿಗೆ ಈ ದೋಷ ತಿಳಿಯದಿರಲಿಲ್ಲ. ತಿಳಿದೇ ಅವರು ಅದನ್ನು ಒಪ್ಪಿಕೊಂಡರು.

ಬಣ್ಣದ ಬೆಲೆ

ಪ್ರತಿಸ್ಪರ್ಧಿಗಳು ತಡಮಾಡಲಿಲ್ಲ. ಅದೇ ೧೯೮೯ರಲ್ಲಿ ಅಮೆರಿಕದ ಅಟಾರಿ ಕಂಪನಿಯು ‘ಲಿಂಕ್ಸ್’ ಯಂತ್ರವನ್ನು ಹೊರತಂದಿತು. ಎಪಿಕ್ಸ್ ಎಂಬ ಸಂಸ್ಥೆಯಲ್ಲಿ ಡೇವ್ ನೀಡಲ್ ಮತ್ತು ಆರ್. ಜೆ. ಮೈಕಲ್ ಅವರು ರೂಪಿಸಿದ ಈ ಯಂತ್ರಕ್ಕೆ ಬಣ್ಣದ ಪರದೆಯೂ ಹಿಂಬದಿಯ ದೀಪವೂ ಇದ್ದವು. ೧೯೯೦ರಲ್ಲಿ ಜಪಾನಿನ ಸೆಗಾ ಕಂಪನಿಯ ‘ಗೇಮ್ ಗೇರ್’ ಬಂದಿತು. ಅದು ೪,೦೯೬ ಬಣ್ಣಗಳಿಂದ ಆರಿಸಿಕೊಂಡು ಏಕಕಾಲಕ್ಕೆ ೩೨ ಬಣ್ಣಗಳನ್ನು ತೋರಿಸಬಲ್ಲದಾಗಿತ್ತು. ಅದೇ ವರ್ಷ ಎನ್.ಇ.ಸಿ. ಕಂಪನಿಯು ಇನ್ನೂ ಉತ್ತಮ ಪರದೆಯ ‘ಟರ್ಬೊ ಎಕ್ಸ್‌ಪ್ರೆಸ್’ ಯಂತ್ರವನ್ನು ತಂದಿತು. ಸೆಗಾ ತನ್ನ ಜಾಹೀರಾತುಗಳಲ್ಲಿ ಬಣ್ಣವಿಲ್ಲದ ಗೇಮ್ ಬಾಯನ್ನು ಬಹಿರಂಗವಾಗಿಯೇ ಹಾಸ್ಯಮಾಡಿತು.

ಆದರೆ ಬಣ್ಣ ಪುಕ್ಕಟೆಯಾಗಿ ಬರುವುದಿಲ್ಲ. ಧ್ರುವೀಕಾರಕವು ಬೆಳಕಿನ ಅರ್ಧಕ್ಕಿಂತ ಹೆಚ್ಚನ್ನು ಮೊದಲೇ ನುಂಗುತ್ತದೆ. ಆಮೇಲೆ ಕೆಂಪು, ಹಸುರು, ನೀಲಿ ಸೋಸುಗಗಳು ತಮಗೆ ಬೇಕಾದ ಬಣ್ಣವನ್ನು ಮಾತ್ರ ಬಿಟ್ಟು ಉಳಿದದ್ದನ್ನು ತಡೆಯುತ್ತವೆ. ಅಲ್ಲಿ ಉಳಿಯುವುದು ಸುಮಾರು ಮೂರರಲ್ಲಿ ಒಂದು ಪಾಲು. ತಂತಿಗಳ ಜಾಲವೂ ಸ್ವಲ್ಪವನ್ನು ಮರೆಮಾಡುತ್ತದೆ. ಕೊನೆಗೆ ಕಣ್ಣಿಗೆ ತಲುಪುವುದು ಹೊರಟ ಬೆಳಕಿನ ಹತ್ತನೆಯ ಒಂದು ಭಾಗಕ್ಕಿಂತಲೂ ಕಡಿಮೆ. ಕೋಣೆಯ ಬೆಳಕು ಇಂಥ ಪರದೆಯನ್ನು ಎರಡು ಸಲ ಹಾಯ್ದು ಬರಬೇಕಾದುದರಿಂದ ಆ ಕಾಲದ ಪರದೆಗಳಲ್ಲಿ ಅದು ಸಾಲುತ್ತಿರಲಿಲ್ಲ. ಆದಕಾರಣ ಪರದೆಯ ಹಿಂದೆ ಒಂದು ಪುಟ್ಟ ಪ್ರತಿದೀಪ್ತಿ ನಳಿಗೆಯನ್ನು, ನಮ್ಮ ಮನೆಗಳಲ್ಲಿದ್ದ ಟ್ಯೂಬ್‌ಲೈಟಿನ ಮರಿಯನ್ನು, ಸದಾ ಉರಿಸಬೇಕಾಯಿತು. ಆ ದೀಪದ ಬೆಳಕಿನ ಬಹುಭಾಗ ಯಂತ್ರದೊಳಗೇ ಶಾಖವಾಗಿ ಹೋಗುತ್ತಿತ್ತು.

ಈಗ ಲೆಕ್ಕ ಹಾಕೋಣ. ಒಂದು ಒಳ್ಳೆಯ ಕ್ಷಾರೀಯ ಪೆನ್ಸಿಲ್ ಸೆಲ್ಲಿನಲ್ಲಿ ಉಪಯೋಗಕ್ಕೆ ಬರುವ ಶಕ್ತಿ ಸುಮಾರು ಎರಡೂವರೆ ವಾಟ್-ಗಂಟೆ. ಗೇಮ್ ಬಾಯಿಗೆ ಇಂಥ ನಾಲ್ಕು ಸೆಲ್ಲುಗಳು. ಒಟ್ಟು ೧೦ ವಾಟ್-ಗಂಟೆ. ಅದರ ಖರ್ಚು ಸುಮಾರು ೦.೭ ವಾಟ್. ಭಾಗಿಸಿದರೆ ಹದಿನಾಲ್ಕು ಗಂಟೆಗೆ ಮೀರಿ ಬರುತ್ತದೆ. ಅನುಭವದಲ್ಲಿಯೂ ಅದು ಹದಿನೈದು ಗಂಟೆಗಳ ಆಸುಪಾಸಿನಲ್ಲಿ ನಡೆಯುತ್ತಿತ್ತು. ಗೇಮ್ ಗೇರಿಗೆ ಆರು ಸೆಲ್ಲುಗಳು. ಒಟ್ಟು ೧೫ ವಾಟ್-ಗಂಟೆ. ಖರ್ಚು ಸುಮಾರು ೩ ವಾಟ್. ಭಾಗಿಸಿದರೆ ಐದು ಗಂಟೆ.

ಐದು ಗಂಟೆಯೂ ಖಚಿತವಲ್ಲ. ಇಲ್ಲಿ ಭೌತವಿಜ್ಞಾನದ ಇನ್ನೊಂದು ನಿಯಮ ಅಡ್ಡಬರುತ್ತದೆ. ಪ್ರತಿಯೊಂದು ವಿದ್ಯುತ್ಕೋಶಕ್ಕೂ ಆಂತರಿಕ ರೋಧವಿರುತ್ತದೆ. ಅದರಲ್ಲಿ ಶಾಖವಾಗಿ ಪೋಲಾಗುವ ಸಾಮರ್ಥ್ಯವು ಪ್ರವಾಹದ ವರ್ಗಕ್ಕೆ ಅನುಪಾತದಲ್ಲಿದೆ. ಗೇಮ್ ಬಾಯಿಯ ಪ್ರವಾಹ ೬ ವೋಲ್ಟಿನಲ್ಲಿ ಸುಮಾರು ೦.೧೨ ಆಂಪಿಯರ್, ಗೇಮ್ ಗೇರಿನದು ೯ ವೋಲ್ಟಿನಲ್ಲಿ ಸುಮಾರು ೦.೩೩ ಆಂಪಿಯರ್. ಪ್ರವಾಹ ಮೂರರಷ್ಟಕ್ಕೆ ಸಮೀಪ. ಪ್ರತಿಯೊಂದು ಕೋಶದೊಳಗೂ ಕ್ಷಣಕ್ಷಣಕ್ಕೂ ಪೋಲಾಗುವುದು ಎಂಟರಷ್ಟು. ಆದುದರಿಂದಲೇ ಗೇಮ್ ಗೇರ್ ಮೂರರಿಂದ ಐದು ಗಂಟೆಗಳಲ್ಲಿ ನಿಂತುಹೋಗುತ್ತಿತ್ತು. ಲಿಂಕ್ಸ್ ಯಂತ್ರದ್ದೂ ಆರು ಸೆಲ್ಲು, ನಾಲ್ಕೈದು ಗಂಟೆಯ ಬಾಳು.

ಹುಡುಗನೊಬ್ಬ ನೂರು ಗಂಟೆ ಆಡಿದನೆಂದುಕೊಳ್ಳಿ. ಗೇಮ್ ಬಾಯಿಯಲ್ಲಿ ಅವನಿಗೆ ಬೇಕಾದ ಸೆಲ್ಲುಗಳು ಸುಮಾರು ೨೭. ಗೇಮ್ ಗೇರಿನಲ್ಲಿ ನಾಲ್ಕು ಗಂಟೆಯ ಲೆಕ್ಕದಲ್ಲಿ ೧೫೦. ಯಂತ್ರವನ್ನು ಒಮ್ಮೆ ತಂದೆತಾಯಿಗಳು ಕೊಡಿಸಿಯಾರು; ಸೆಲ್ಲುಗಳನ್ನು ವಾರವಾರವೂ ಕೊಡಿಸುವವರು ಯಾರು? ಅಂಗಡಿಯ ಬೀರುವಿನಲ್ಲಿ ಬಣ್ಣ ಗೆದ್ದಿತು. ಮನೆಯ ಖರ್ಚಿನ ಪಟ್ಟಿಯಲ್ಲಿ ಸೋತಿತು. ಸುಮಾರು ೧೮೦ ಡಾಲರಿನ ಲಿಂಕ್ಸ್ ಹಿಂದೆ ಬಿದ್ದಿತು. ೨೫೦ ಡಾಲರಿನ ಟರ್ಬೊ ಎಕ್ಸ್‌ಪ್ರೆಸ್ ಕೆಲವರ ಕೈಗೆ ಮಾತ್ರ ಸಿಕ್ಕಿತು. ಗೇಮ್ ಗೇರ್ ೧೯೯೭ರ ಹೊತ್ತಿಗೆ ಕಣದಿಂದ ಸರಿಯಿತು.

ಉಳಿದ ಕಾರಣಗಳು

ಇಷ್ಟರಿಂದ ಎಲ್ಲವೂ ಸೆಲ್ಲಿನ ಮಹಿಮೆಯೆಂದು ತೀರ್ಮಾನಿಸಿದರೆ ಅದು ಅವಸರವಾದೀತು. ಗೇಮ್ ಬಾಯಿಯ ಬೆಲೆ ಅಮೆರಿಕದಲ್ಲಿ ಸುಮಾರು ೯೦ ಡಾಲರ್ ಮಾತ್ರ. ಅಲ್ಲದೆ ಅಲ್ಲಿ ಅದರ ಜೊತೆಗೆ ‘ಟೆಟ್ರಿಸ್’ ಆಟವನ್ನೂ ಕೊಡಲಾಗುತ್ತಿತ್ತು. ಮಾಸ್ಕೋದ ಸೋವಿಯತ್ ವಿಜ್ಞಾನ ಅಕಾಡೆಮಿಯ ಗಣಕ ಕೇಂದ್ರದಲ್ಲಿದ್ದ ಅಲೆಕ್ಸಿ ಪಾಜಿತ್ನೊವ್ ೧೯೮೪ರಲ್ಲಿ ರಚಿಸಿದ ಆಟ ಇದು. ಮೇಲಿನಿಂದ ಬೀಳುವ ಇಟ್ಟಿಗೆಯಂಥ ತುಂಡುಗಳನ್ನು ತಿರುಗಿಸಿ ಸಂದಿಲ್ಲದಂತೆ ಜೋಡಿಸಬೇಕು. ಇದಕ್ಕೆ ಬಣ್ಣದ ಅಗತ್ಯವಿಲ್ಲ. ತುಂಡುಗಳು ಮೆಲ್ಲನೆ ಇಳಿಯುವುದರಿಂದ ಮಂದಗತಿಯ ಪರದೆಯ ದೋಷವೂ ಕಾಣದು. ಪರದೆಯ ಬಡತನಕ್ಕೆ ಹೇಳಿ ಮಾಡಿಸಿದ ಆಟ! ತೊಂಬತ್ತರ ದಶಕದಲ್ಲಿ ನಮ್ಮ ಊರುಗಳ ಅಂಗಡಿಗಳಲ್ಲಿಯೂ ಜಾತ್ರೆಗಳಲ್ಲಿಯೂ ಅಗ್ಗಕ್ಕೆ ಸಿಗುತ್ತಿದ್ದ ‘ಬ್ರಿಕ್ ಗೇಮ್’ ಯಂತ್ರಗಳು ಇದೇ ಆಟದ ಅನುಕರಣೆಗಳು. ಭಾರತದ ಬಹುಮಂದಿಗೆ ಅಂಗೈ ಆಟಯಂತ್ರದ ಮೊದಲ ಪರಿಚಯವಾದದ್ದು ಅವುಗಳಿಂದಲೇ.

೧೯೯೬ರಲ್ಲಿ, ಗೇಮ್ ಬಾಯಿಗೆ ಮುಪ್ಪು ಬಂದಿತೆಂದು ಎಲ್ಲರೂ ತಿಳಿದಿದ್ದಾಗ, ಸತೋಶಿ ತಜಿರಿಯವರ ‘ಪೋಕೆಮಾನ್’ ಬಂದು ಅದಕ್ಕೆ ಮರುಜೀವ ಕೊಟ್ಟಿತು. ಬಾಲ್ಯದಲ್ಲಿ ಕೀಟಗಳನ್ನು ಹಿಡಿದು ಕೂಡಿಡುತ್ತಿದ್ದ ಹವ್ಯಾಸವೇ ತಜಿರಿಯವರಿಗೆ ಈ ಆಟದ ಮೂಲ. ಎರಡು ಯಂತ್ರಗಳನ್ನು ತಂತಿಯಿಂದ ಜೋಡಿಸಿ ತಾವು ಹಿಡಿದ ಜೀವಿಗಳನ್ನು ವಿನಿಮಯ ಮಾಡಿಕೊಳ್ಳಬಹುದಾಗಿತ್ತು. ಯಂತ್ರ ದೀರ್ಘಕಾಲ ಬಾಳಿದ್ದರಿಂದ ಹೆಚ್ಚು ಜನರ ಕೈಯಲ್ಲಿತ್ತು. ಹೆಚ್ಚು ಜನರ ಕೈಯಲ್ಲಿದ್ದುದರಿಂದ ಒಳ್ಳೆಯ ಆಟಗಳು ಅದಕ್ಕೇ ಬಂದವು. ಕಾರಣಗಳು ಹೀಗೆ ಒಂದಕ್ಕೊಂದು ಹೆಣೆದುಕೊಂಡಿವೆ.

ಮಿತವ್ಯಯವೊಂದೇ ಸಾಲದು

ಯೊಕೊಯಿಯವರ ಮುಂದಿನ ಕಥೆ ಈ ಎಚ್ಚರಿಕೆಯನ್ನು ದೃಢಪಡಿಸುತ್ತದೆ. ೧೯೯೫ರಲ್ಲಿ ಅವರು ರೂಪಿಸಿದ ‘ವರ್ಚುಯಲ್ ಬಾಯ್’ ಹಳೆಯ ಕೆಂಪು ಎಲ್.ಇ.ಡಿ.ಗಳನ್ನೇ ಬಳಸಿ ಆಳವುಳ್ಳ ಚಿತ್ರವನ್ನು ತೋರಿಸಲು ಹೊರಟಿತು. ಅದನ್ನು ಮೇಜಿನ ಮೇಲಿಟ್ಟು ಕಣ್ಣನ್ನು ಒತ್ತಿ ನೋಡಬೇಕಾಗಿತ್ತು. ಜನ ಒಪ್ಪಲಿಲ್ಲ, ವರ್ಷದೊಳಗೇ ಅದು ಮೂಲೆ ಸೇರಿತು. ೧೯೯೬ರಲ್ಲಿ ಅವರು ನಿಂಟೆಂಡೊ ಬಿಟ್ಟು ತಮ್ಮದೇ ಸಂಸ್ಥೆಯನ್ನು ಕಟ್ಟಿದರು. ೧೯೯೭ರ ಅಕ್ಟೋಬರಿನಲ್ಲಿ ರಸ್ತೆಯ ಅಪಘಾತದಲ್ಲಿ ತೀರಿಕೊಂಡರು.

ಅವರ ಸಂಸ್ಥೆ ರೂಪಿಸಿದ ಯಂತ್ರ ‘ವಂಡರ್‌ಸ್ವಾನ್’ ೧೯೯೯ರ ಮಾರ್ಚಿನಲ್ಲಿ ಬಂಡಾಯ್ ಕಂಪನಿಯ ಮೂಲಕ ಹೊರಬಂದಿತು. ಅದು ಮಿತವ್ಯಯದ ಪರಾಕಾಷ್ಠೆ: ಒಂದೇ ಪೆನ್ಸಿಲ್ ಸೆಲ್, ಮೂವತ್ತು ಗಂಟೆಗೂ ಮೀರಿದ ಆಟ, ಬೆಲೆ ೪,೮೦೦ ಯೆನ್. ಶಕ್ತಿಯ ಲೆಕ್ಕವೊಂದೇ ಪೈಪೋಟಿಯನ್ನು ನಿರ್ಧರಿಸುವಂತಿದ್ದರೆ ಗೆಲುವು ಅದರದೇ. ಆದರೆ ಅದು ಸೋತಿತು. ಅಷ್ಟರಲ್ಲಿ ಕಾಲ ಬದಲಾಗಿತ್ತು. ೧೯೯೮ರ ‘ಗೇಮ್ ಬಾಯ್ ಕಲರ್’ ಹಿಂಬದಿಯ ದೀಪವಿಲ್ಲದೆ, ಹೊರಗಿನ ಬೆಳಕಿನಿಂದಲೇ ಬಣ್ಣಗಳನ್ನು ತೋರಿಸತೊಡಗಿತ್ತು. ಎರಡೇ ಪೆನ್ಸಿಲ್ ಸೆಲ್ಲುಗಳಿಂದ ಹತ್ತು ಗಂಟೆಗೂ ಹೆಚ್ಚು ನಡೆಯುತ್ತಿತ್ತು. ಎಂದರೆ ಬಣ್ಣದ ಬೆಲೆ ಶಕ್ತಿಯ ಪೇಟೆಯಲ್ಲಿ ಇಳಿದಿತ್ತು. ನಿಂಟೆಂಡೊ ಬಣ್ಣವನ್ನು ಎಂದೂ ನಿರಾಕರಿಸಿರಲಿಲ್ಲ. ಅದು ಅಗ್ಗವಾಗುವವರೆಗೆ ಒಂಬತ್ತು ವರ್ಷ ಕಾದಿತ್ತು. ಹತ್ತು ಗಂಟೆ ಸಾಕಾದವನಿಗೆ ಮೂವತ್ತು ಗಂಟೆಯ ಆಸೆ ತೋರಿಸಿ, ಪ್ರತಿಯಾಗಿ ಬಣ್ಣವನ್ನು ಬಿಡಿಸುವುದು ಸಾಧ್ಯವಾಗಲಿಲ್ಲ.

ಹೊಸ ಕೋಶ, ಹಳೆಯ ಲೆಕ್ಕ

೧೯೯೧ರಲ್ಲಿ ಜಪಾನಿನ ಸೋನಿ ಕಂಪನಿಯು ಲಿಥಿಯಂ-ಅಯಾನ್ ಕೋಶವನ್ನು ಮಾರುಕಟ್ಟೆಗೆ ತಂದಿತ್ತು. ಇದಕ್ಕೆ ಅಡಿಪಾಯ ಹಾಕಿದ ಗುಡಿನಫ್, ವಿಟಿಂಗ್‌ಹ್ಯಾಮ್, ಯೊಶಿನೊ ಎಂಬ ಮೂವರಿಗೆ ೨೦೧೯ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು. ಮತ್ತೆಮತ್ತೆ ತುಂಬಬಹುದಾದ ಈ ಕೋಶ ಬಂದುದರಿಂದ ಸೆಲ್ಲುಗಳನ್ನು ಕೊಂಡು ಎಸೆಯುವ ಕಷ್ಟ ತಪ್ಪಿತು. ೨೦೦೩ರಲ್ಲಿ ಬಂದ ‘ಗೇಮ್ ಬಾಯ್ ಅಡ್ವಾನ್ಸ್ ಎಸ್.ಪಿ.’ ಈ ಕೋಶವನ್ನೂ ಪರದೆಗೆ ಬೆಳಕು ಬೀರುವ ದೀಪವನ್ನೂ ಒಟ್ಟಿಗೆ ಹೊಂದಿತ್ತು.

೨೦೦೪ರ ಕೊನೆಯಲ್ಲಿ ಹೊಸ ಕಾಳಗ ನಡೆಯಿತು. ಒಂದು ಕಡೆ ಸೋನಿಯ ‘ಪ್ಲೇಸ್ಟೇಷನ್ ಪೋರ್ಟಬಲ್’, ಅಥವಾ ಪಿ.ಎಸ್.ಪಿ.: ಅಗಲವಾದ ಸುಂದರ ಪರದೆ, ಸೆಕೆಂಡಿಗೆ ೩೩.೩ ಕೋಟಿ ಮಿಡಿತಗಳವರೆಗೆ ಹೋಗಬಲ್ಲ ಗಣಕಭಾಗ, ಆಟಗಳಿಗಾಗಿ ತಿರುಗುವ ಬೆಳಕಿನ ತಟ್ಟೆ. ಇನ್ನೊಂದು ಕಡೆ ‘ನಿಂಟೆಂಡೊ ಡಿ.ಎಸ್.’: ಎರಡು ಸಣ್ಣ ಪರದೆಗಳು, ಅವುಗಳಲ್ಲಿ ಒಂದು ಮುಟ್ಟಿದರೆ ಸ್ಪಂದಿಸುವಂಥದು. ಪಿ.ಎಸ್.ಪಿ.ಯ ಕೋಶದಲ್ಲಿದ್ದ ಶಕ್ತಿ ಸುಮಾರು ೬.೫ ವಾಟ್-ಗಂಟೆ; ಆಟ ನಾಲ್ಕರಿಂದ ಆರು ಗಂಟೆ. ಡಿ.ಎಸ್. ಕೋಶದಲ್ಲಿದ್ದದ್ದು ಸುಮಾರು ೩.೧ ವಾಟ್-ಗಂಟೆ, ಆಟ ಆರರಿಂದ ಹತ್ತು ಗಂಟೆ. ಅರ್ಧಕ್ಕಿಂತ ಕಡಿಮೆ ಬುತ್ತಿಯಲ್ಲಿ ಹೆಚ್ಚು ದೂರ ನಡೆದದ್ದು ಡಿ.ಎಸ್.

ಸೋನಿಯ ಇಂಜಿನಿಯರುಗಳಿಗೆ ಈ ಲೆಕ್ಕ ಚೆನ್ನಾಗಿ ಗೊತ್ತಿತ್ತು. ಸಿಲಿಕಾನ್ ಮಂಡಲದ ಖರ್ಚು ಮಿಡಿತದ ಆವೃತ್ತಿಗೂ ವಿಭವದ ವರ್ಗಕ್ಕೂ ಅನುಪಾತದಲ್ಲಿ ಏರುತ್ತದೆ. ಆದುದರಿಂದ ಅವರು ಮೊದಲಲ್ಲಿ ಪಿ.ಎಸ್.ಪಿ.ಯ ಆಟಗಳಿಗೆ ಸೆಕೆಂಡಿಗೆ ೨೨.೨ ಕೋಟಿ ಮಿಡಿತಗಳ ಮಿತಿಯನ್ನು ಹಾಕಿದರು. ಪೂರ್ಣ ವೇಗಕ್ಕೆ ಅವಕಾಶ ಸಿಕ್ಕಿದ್ದು ೨೦೦೭ರಲ್ಲಿ. ಕುದುರೆಗೆ ಬಲವಿತ್ತು, ಮೇವಿರಲಿಲ್ಲ. ಪಿ.ಎಸ್.ಪಿ. ಸೋತಿತೆಂದು ಹೇಳಲಾಗದು, ಎಂಟು ಕೋಟಿಯ ಆಸುಪಾಸಿನಲ್ಲಿ ಅದು ಮಾರಾಟವಾಯಿತು. ಆದರೆ ಡಿ.ಎಸ್. ಮಾರಾಟ ೧೫ ಕೋಟಿ ೪೦ ಲಕ್ಷ.

ಒಂದು ಹೋಲಿಕೆಯನ್ನು ಗಮನಿಸಬೇಕು. ಗೇಮ್ ಬಾಯಿ ಮತ್ತು ಪಿ.ಎಸ್.ಪಿ.ಗಳ ನಡುವಿನ ಹದಿನೈದು ವರ್ಷಗಳಲ್ಲಿ ಮಿಡಿತದ ವೇಗ ಎಂಬತ್ತರಷ್ಟಾಯಿತು. ಲಿಥಿಯಂ ಕೋಶ ಒಂದು ಕಿಲೋಗ್ರಾಮಿನಲ್ಲಿ ಹಿಡಿದಿಡಬಲ್ಲ ಶಕ್ತಿಯಾದರೋ ೧೯೯೧ರಿಂದ ಇಂದಿನವರೆಗೆ ಸುಮಾರು ಮೂರರಷ್ಟಾಗಿದೆ, ಅಷ್ಟೆ. ಟ್ರಾನ್ಸಿಸ್ಟರನ್ನು ಕಿರಿದುಮಾಡುತ್ತ ಹೋಗಬಹುದು. ಆದರೆ ಕೋಶದ ಶಕ್ತಿ ರಾಸಾಯನಿಕ ಬಂಧಗಳ ಶಕ್ತಿ. ಅದನ್ನು ನಿರ್ಧರಿಸುವುದು ಮೂಲವಸ್ತುಗಳ ಸ್ವಭಾವ. ಅದು ಕಂಪನಿಗಳ ಅವಸರಕ್ಕೆ ಬಗ್ಗುವುದಿಲ್ಲ.

ಇಂದಿನ ಕಣ

೨೦೦೮ರ ಬಳಿಕ ಪೈಪೋಟಿಗೆ ಹೊಸ ಸ್ಪರ್ಧಿ ಬಂದಿತು: ಎಲ್ಲರ ಜೇಬಿನಲ್ಲಿ ಆಗಲೇ ಇದ್ದ ದೂರವಾಣಿ. ೧೯೯೭ರಲ್ಲಿ ನೋಕಿಯ ದೂರವಾಣಿಯೊಳಗೆ ಹರಿದಾಡಿದ ‘ಸ್ನೇಕ್’ ಎಂಬ ಹಾವಿನ ಆಟ ಇದರ ಮುನ್ಸೂಚನೆಯಾಗಿತ್ತು. ಭಾರತದಲ್ಲಿಯೂ ಅದನ್ನು ಆಡದವರು ವಿರಳ. ಆಟಕ್ಕೆಂದೇ ಬೇರೊಂದು ಯಂತ್ರವನ್ನು ಹೊರುವ ಅಗತ್ಯ ಅನೇಕರಿಗೆ ಇಲ್ಲವಾಯಿತು. ಸೋನಿಯ ‘ವಿಟಾ’ ಯಂತ್ರ ೨೦೧೧ರಲ್ಲಿ ಹುಟ್ಟಿ ೨೦೧೯ರಲ್ಲಿ ನಿಂತಿತು. ನಿಂಟೆಂಡೊ ೨೦೧೭ರಲ್ಲಿ, ಕೈಯಲ್ಲಿಯೂ ಮನೆಯ ದೂರದರ್ಶನದಲ್ಲಿಯೂ ಆಡಬಹುದಾದ ‘ಸ್ವಿಚ್’ ಯಂತ್ರವನ್ನು ತಂದು ಕಣದಲ್ಲಿ ಉಳಿದುಕೊಂಡಿತು. ಅದರ ಮಾರಾಟ ಹದಿನೈದು ಕೋಟಿಯನ್ನು ದಾಟಿದೆ.

ಸ್ವಿಚ್ ಯಂತ್ರದ ಒಂದು ವಿವರ ನಮ್ಮ ವಿಷಯಕ್ಕೆ ತುಂಬ ಪ್ರಸ್ತುತ. ಮೊದಲ ಮಾದರಿ ೧೬ ವಾಟ್-ಗಂಟೆಯ ಕೋಶದಿಂದ ಎರಡೂವರೆಯಿಂದ ಆರೂವರೆ ಗಂಟೆ ನಡೆಯುತ್ತಿತ್ತು. ೨೦೧೯ರ ಪರಿಷ್ಕೃತ ಮಾದರಿ ಅದೇ ಗಾತ್ರದ ಕೋಶದಿಂದ ನಾಲ್ಕೂವರೆಯಿಂದ ಒಂಬತ್ತು ಗಂಟೆ ನಡೆಯಿತು. ಕೋಶ ಬದಲಾಗಲಿಲ್ಲ, ಗಣಕಭಾಗದ ಟ್ರಾನ್ಸಿಸ್ಟರುಗಳು ಕಿರಿದಾದವು, ಖರ್ಚು ಇಳಿಯಿತು. ೨೦೨೨ರಲ್ಲಿ ಅಮೆರಿಕದ ವಾಲ್ವ್ ಕಂಪನಿ ತಂದ ‘ಸ್ಟೀಮ್ ಡೆಕ್’ ಮೇಜಿನ ಗಣಕಯಂತ್ರದ ಆಟಗಳನ್ನೇ ಅಂಗೈಗೆ ಇಳಿಸಿತು. ಅದರ ಕೋಶ ೪೦ ವಾಟ್-ಗಂಟೆ, ಗೇಮ್ ಬಾಯಿಯ ನಾಲ್ಕರಷ್ಟು. ಆದರೂ ಅದರ ಬಾಳು ಎರಡರಿಂದ ಎಂಟು ಗಂಟೆ. ಭಾರವಾದ ಆಟದಲ್ಲಿ ಅದು ೨೦ ವಾಟ್ ಉಣ್ಣುತ್ತದೆಂದು ಭಾಗಾಕಾರವೇ ಹೇಳುತ್ತದೆ. ಮೂವತ್ತು ವರ್ಷಗಳ ಹಿಂದೆ ಗೇಮ್ ಗೇರನ್ನು ಕಾಡಿದ ಪ್ರಶ್ನೆ ಇಂದಿಗೂ ಜೀವಂತವಾಗಿದೆ.

ಈ ಲೆಕ್ಕವನ್ನು ಪರೀಕ್ಷಿಸಲು ವಿದ್ಯಾರ್ಥಿಗಳಿಗೆ ಪ್ರಯೋಗಶಾಲೆ ಬೇಕಿಲ್ಲ. ಮನೆಯಲ್ಲಿರುವ ದೂರವಾಣಿಯ ಕೋಶದ ವಾಟ್-ಗಂಟೆಯ ಅಂಕಿಯನ್ನು ಅದರ ವಿವರಪತ್ರದಲ್ಲಿ ನೋಡಿಕೊಳ್ಳಿ. ಪರದೆಯ ಬೆಳಕನ್ನು ಪೂರ್ತಿ ಏರಿಸಿ ಒಂದು ಗಂಟೆ ಆಡಿ, ಕೋಶದಲ್ಲಿ ನೂರಕ್ಕೆ ಎಷ್ಟು ಭಾಗ ಇಳಿಯಿತೆಂದು ಗುರುತುಹಾಕಿಕೊಳ್ಳಿ. ಮರುದಿನ ಬೆಳಕನ್ನು ತಗ್ಗಿಸಿ ಅದೇ ಆಟವನ್ನು ಅಷ್ಟೇ ಹೊತ್ತು ಆಡಿ. ಎರಡು ಸಾಮರ್ಥ್ಯಗಳನ್ನೂ ವಾಟುಗಳಲ್ಲಿ ಲೆಕ್ಕಹಾಕಿ ಕಳೆದರೆ ಬರುವುದು, ನಿಮ್ಮ ಕಣ್ಣಿಗೆ ಸಿಕ್ಕ ಹೆಚ್ಚಿನ ಬೆಳಕಿಗಾಗಿ ಕೋಶ ತೆತ್ತ ಬೆಲೆ. ೧೯೮೯ರಲ್ಲಿ ಯೊಕೊಯಿ ಮತ್ತು ಒಕಾಡ ಅವರು ದೀಪವಿಲ್ಲದ ಪರದೆಯನ್ನು ಆರಿಸಿದಾಗ ಅವರ ಮುಂದಿದ್ದದ್ದು ಇದೇ ವ್ಯವಕಲನ.